ಆಪರೇಷನ್ ಕೋಣೆಗೂ ಥಿಯೇಟರ್ ಅಂತ ಯಾಕೆ ಹೆಸರು?

ತುಮಕೂರಿನ ಆಸ್ಪತ್ರೆಯಲ್ಲಿ ಬೋರ್ಡ್ ನೋಡಿ, ಸಿನಿಮಾ ಥಿಯೇಟರಿಗೂ ಆಪರೇಷನ್ ಥಿಯೇಟರಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಸಂಬಂಧ ಇದೆ.

ಗ್ರೀಕ್ ಭಾಷೆಯ 'ಥಿಯಾಟ್ರಾನ್' ಇದರ ಮೂಲ. ಅರ್ಥ, ನೋಡುವ ಜಾಗ. ಆಟ ಆಡುವ ಕಟ್ಟೆಯಲ್ಲ, ಜನ ಕೂರುವ ಮೆಟ್ಟಿಲು. ಹಿಂದೆ ಯುರೋಪಿನಲ್ಲಿ ಆಪರೇಷನ್ನೂ ಹೀಗೇ ಜನರ ಮುಂದೆ ನಡೆಯುತ್ತಿತ್ತು. ಲಂಡನ್ನಿನಲ್ಲಿ 1822ರ ಅಂಥ ಕೋಣೆ ಇವತ್ತಿಗೂ ಇದೆ. ನಡುವೆ ಮರದ ಮೇಜು. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ವಿದ್ಯಾರ್ಥಿಗಳು ನಿಂತು ನೋಡುವ ಜಾಗ. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ, ರೋಗಿಗೆ ಎಚ್ಚರ ಇರುತ್ತಿತ್ತು. ನೆನೆದರೆ ಸಂಕಟ ಆಗುತ್ತೆ. ಮೆಟ್ಟಿಲು ಹೋಯಿತು, ಹೆಸರು ಉಳಿಯಿತು.

ನಮ್ಮ 'ರಂಗ' ಹಾಗಲ್ಲ, ಅದು ಆಡುವವರ ಜಾಗ. 1884ರಲ್ಲೇ ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದ ಜಿಲ್ಲೆ ನಮ್ಮದು. ನನಗಂತೂ 'ರಂಗ' ಅನ್ನೋ ಮಾತೇ ಜಾಸ್ತಿ ಇಷ್ಟ.