ಬೀದಿದೀಪದ ಕಂಬ ಎಷ್ಟು ದೂರಕ್ಕೊಂದು?

ಪ್ರಶ್ನೆ: ನಮ್ಮ ಬಡಾವಣೆಯ ರಸ್ತೆ 6 ಮೀಟರ್ ಅಗಲ. 8 ಮೀಟರ್ ಉದ್ದದ ಕಂಬಗಳನ್ನು ಎರಡೂ ಬದಿಗೆ, 40 ಮೀಟರಿಗೊಂದರಂತೆ ನೆಡುತ್ತಾರಂತೆ. ಸರಿಯೇ?

ಉತ್ತರ: ಕಂಬದ ಆರನೇ ಒಂದು ಭಾಗ ಮಣ್ಣಿನೊಳಗೆ ಹೋಗುತ್ತದೆ, ದೀಪ ನಿಲ್ಲುವುದು ಸುಮಾರು 6.7 ಮೀಟರ್ ಎತ್ತರದಲ್ಲಿ. ರಸ್ತೆಯ ಅಗಲ ಈ ಎತ್ತರವನ್ನು ಮೀರದಿದ್ದರೆ ಒಂದೇ ಬದಿ ಸಾಕು. ಒಂದೂವರೆ ಪಟ್ಟಿನವರೆಗೆ ಅತ್ತೊಂದು ಇತ್ತೊಂದು. ಅದಕ್ಕೂ ಅಗಲವಾದರೆ ಎದುರುಬದುರು. ಅಂತರ ಎತ್ತರದ ಮೂರರಿಂದ ನಾಲ್ಕು ಪಟ್ಟು, ಅಂದರೆ ನಿಮಗೆ 20ರಿಂದ 26 ಮೀಟರ್. 40ಕ್ಕೆ ನೆಟ್ಟರೆ ಕಂಬದ ಬುಡದಲ್ಲಿ ಬೆಳಕು, ನಡುವೆ ಕತ್ತಲು. ವ್ಯಾಟ್ ಹೆಚ್ಚಿಸಿದರೆ ಕಣ್ಣು ಕುಕ್ಕುತ್ತದೆ, ಕತ್ತಲು ಹೋಗದು.

ತಿರುವಿನಲ್ಲಿ ಹೊರಬದಿಗೇ ನೆಡಿಸಿ, ಅಂತರ ಕಡಿಮೆ ಮಾಡಿಸಿ. ಹೊಂಗೆ ಮರದ ಕೊಂಬೆಯೊಳಗೆ ದೀಪ ಸಿಕ್ಕಿಕೊಳ್ಳುವಂತಿದ್ದರೆ ಕಂಬವನ್ನು ಎರಡು ಮರಗಳ ನಡುವೆ ಸರಿಸಿ, ಮರ ಕಡಿಯಬೇಕಿಲ್ಲ.