ಸಿಹಿನೀರಿನ ಸಂಶೋಧನಾ ಹುದ್ದೆಗೆ ಅರ್ಜಿಯಲ್ಲಿ ಏನಿರಬೇಕು?

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನದಿ-ಕೆರೆಗಳ ಸಂರಕ್ಷಣೆಯ ಸಂಸ್ಥೆಗೆ ಅರ್ಜಿ ಬರೆಯುವುದು ಹೇಗೆಂದು ಕೇಳಿದ್ದೀರಿ. ‘ಪ್ರಕೃತಿಯೆಂದರೆ ನನಗೆ ಪ್ರಾಣ’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ಎಲ್ಲರೂ ಅದನ್ನೇ ಬರೆಯುತ್ತಾರೆ.

ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ತೀವ್ರ ಅಪಾಯದಂಚಿನ ಪಟ್ಟಿ ಸೇರಿತು. ನೀವು ಅರ್ಜಿ ಹಾಕುವ ಸಂಸ್ಥೆ ಅಂಥ ಮೀನಿನ ಬೆನ್ನು ಹತ್ತಿದ್ದರೆ, ಅದರ ಚಂದವನ್ನು ವರ್ಣಿಸಬೇಡಿ. ಅಣೆಕಟ್ಟು, ಮರಳುಗಾರಿಕೆ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್: ಇವುಗಳಲ್ಲಿ ಯಾವುದರ ಪರಿಣಾಮವನ್ನು ಹೇಗೆ ಅಳೆಯುತ್ತೀರಿ ಎಂದು ತಿಳಿಸಿ.

ಊರಿನ ಕೆರೆಯಲ್ಲಿ ನೀವೇ ಸಂಗ್ರಹಿಸಿದ ಅಂಕಿಗಳಿದ್ದರೆ ಲಗತ್ತಿಸಿ, ಅಳೆದ ಹೊತ್ತಿನ ಸಮೇತ. ನೀರಿನಲ್ಲಿ ಕರಗಿದ ಆಮ್ಲಜನಕ ನಸುಕಿನಲ್ಲಿ ತಗ್ಗಿ, ಬಿಸಿಲೇರಿದಂತೆ ಹೆಚ್ಚುತ್ತದೆ; ಹೊತ್ತು ನಮೂದಿಸದ ಅಂಕಿ ಕಸಕ್ಕೆ ಸಮ. ಮೀನುಗಾರರೊಂದಿಗೆ ಕನ್ನಡದಲ್ಲಿ ಮಾತನಾಡಿ ಮಾಹಿತಿ ಕಲೆಹಾಕಬಲ್ಲಿರಾದರೆ ಅದನ್ನೂ ಬರೆಯಿರಿ, ಸಂಕೋಚ ಬೇಡ.