ಪಾರ್ಕಿನ್ಸನ್ಸ್‌ಗೆ ನಿಕೋಟಿನ್ ಪ್ಯಾಚ್ ಹಚ್ಚಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. ಹೋದ ವರ್ಷ ಪಾರ್ಕಿನ್ಸನ್ಸ್ ಎಂದು ಗೊತ್ತಾಯಿತು. ಸಿಗರೇಟು ಸೇದುವವರಿಗೆ ಈ ಕಾಯಿಲೆ ಬರುವುದು ಕಮ್ಮಿ ಎಂದು ವಾಟ್ಸ್ಯಾಪ್‌ನಲ್ಲಿ ಓದಿದೆ. ಅವರಿಗೆ ನಿಕೋಟಿನ್ ಪ್ಯಾಚ್ ಹಚ್ಚಬಹುದೇ?

ಬೇಡಮ್ಮ. ಈ ಮೆಸೇಜನ್ನು ನನಗೆ ತೋರಿಸಿದವರಲ್ಲಿ ನೀವು ಮೊದಲಿಗರಲ್ಲ. ಅದರಲ್ಲಿ ಅರ್ಧ ನಿಜವಿದೆ, ಅದಕ್ಕೇ ನನಗೆ ಜಾಸ್ತಿ ಸಿಟ್ಟು.

ಸೇದುವವರಲ್ಲಿ ಪಾರ್ಕಿನ್ಸನ್ಸ್ ಕಮ್ಮಿ ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಇಳಿಯತೊಡಗುತ್ತದೆ. ಸಿಗರೇಟಿನ ಸುಖ ಕೊಡುವುದೂ ಅದೇ ಡೋಪಮೀನ್. ಅದು ಇಳಿದವರಿಗೆ ಚಟ ಬಿಡುವುದು ಸುಲಭ. ಹಾಗಾದರೆ ಸಿಗರೇಟು ಕಾಯಿಲೆಯನ್ನು ತಡೆಯಿತೋ, ಕಾಯಿಲೆಯೇ ಸಿಗರೇಟು ಬಿಡಿಸಿತೋ?

ಸುಮ್ನೆ ವಾದ ಮಾಡದೆ ಪರೀಕ್ಷಿಸಿಯೂ ನೋಡಿದ್ದಾರೆ. ಜರ್ಮನಿ ಮತ್ತು ಅಮೆರಿಕದಲ್ಲಿ, ಕಾಯಿಲೆ ಆಗಷ್ಟೇ ಶುರುವಾಗಿದ್ದ ಸುಮಾರು 160 ಜನರಲ್ಲಿ ಕೆಲವರಿಗೆ ನಿಕೋಟಿನ್ ಪ್ಯಾಚ್, ಉಳಿದವರಿಗೆ ಔಷಧಿಯಿಲ್ಲದ ಪ್ಯಾಚ್ ಒಂದು ವರ್ಷ ಹಚ್ಚಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಕೋಟಿನ್ ಕಾಯಿಲೆಯ ವೇಗ ತಗ್ಗಿಸಲಿಲ್ಲ. ಪ್ಯಾಚ್‌ನಿಂದ ವಾಕರಿಕೆ, ಎದೆಬಡಿತ, ಕೆಟ್ಟ ಕನಸು ಬರಬಹುದು. ಪಾರ್ಕಿನ್ಸನ್ಸ್ ಇರುವವರಿಗೆ ನಿದ್ದೆಯ ತೊಂದರೆ ಮೊದಲೇ ಇರುತ್ತದೆ, ಅಲ್ವಾ? ತಂದೆಯವರು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲಿ, ದಿನಾ ನಡೆಯಲಿ. ನಡಿಗೆಯ ಬಗ್ಗೆ ನಾನು ಹಟ ಹಿಡಿದೇ ಹೇಳುತ್ತೇನೆ.

ಪ್ರಶ್ನೆ: ನಿಕೋಟಿನ್ ಉರಿಯೂತ ತಗ್ಗಿಸುತ್ತದಂತೆ. ರುಮಟಾಯ್ಡ್ ಸಂಧಿವಾತಕ್ಕೆ ಬೀಡಿ ಒಳ್ಳೆಯದೇ?

ನಮ್ಮ ರೋಗನಿರೋಧಕ ಕೋಶಗಳ ಮೇಲೂ ನಿಕೋಟಿನ್ ಅಂಟಿಕೊಳ್ಳುವ ಜಾಗಗಳಿವೆ. ಅಲ್ಲಿ ಅಂಟಿದಾಗ ಉರಿಯೂತದ ಕೆಲವು ಸಂಕೇತಗಳು ತಗ್ಗುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಬೀಡಿಯಲ್ಲಿ ನಿಕೋಟಿನ್ ಒಂದೇ ಇಲ್ಲ, ಹೊಗೆಯಿದೆ. ಧೂಮಪಾನದಿಂದ ರುಮಟಾಯ್ಡ್ ಸಂಧಿವಾತದ ಅಪಾಯ ಹೆಚ್ಚುತ್ತದೆ. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೂ ಇದೇ ಮಾತು. ಬೀಡಿಯನ್ನು ಇವತ್ತೇ ಬಿಡಿ.

ಪ್ರಶ್ನೆ: ಕೋವಿಡ್ ಸಮಯದಲ್ಲಿ ನಿಕೋಟಿನ್ ರಕ್ಷಣೆ ಕೊಡುತ್ತದೆ ಎಂದಿದ್ದರಲ್ಲ?

2020ರಲ್ಲಿ ಫ್ರಾನ್ಸಿನಿಂದ ಬಂದ ಊಹೆ ಅದು. ಸಾಬೀತಾಗಲಿಲ್ಲ.

ಪ್ರಶ್ನೆ: ನಸುಗುನ್ನಿ ಪುಡಿಯಿಂದ ಪಾರ್ಕಿನ್ಸನ್ಸ್ ಪೂರ್ತಿ ವಾಸಿ ಎನ್ನುತ್ತಾರೆ ನಮ್ಮೂರ ಪಂಡಿತರು. ನಂಬಬಹುದೇ?

ಪೂರ್ತಿ ವಾಸಿ ಎನ್ನುವವರ ಹತ್ತಿರ ಹೋಗಬೇಡಿ. ನಸುಗುನ್ನಿ ಬೀಜದಲ್ಲಿ, ಮಿದುಳಿನಲ್ಲಿ ಡೋಪಮೀನ್ ಆಗಿ ಬದಲಾಗುವ ಲೆವೊಡೋಪ ಇರುವುದು ನಿಜ, ನಿಮ್ಮ ಮಾತ್ರೆಯಲ್ಲಿರುವುದೂ ಬಹುಶಃ ಅದೇ. ಆ ಪುಡಿಯಲ್ಲಿ ಎಷ್ಟಿದೆ ಎಂದು ಯಾರೂ ಅಳೆದಿರುವುದಿಲ್ಲ. ಎರಡೂ ಸೇರಿ ಡೋಸ್ ಹೆಚ್ಚಾದರೆ ಕೈಕಾಲು ತಾನಾಗಿ ಹೊರಳುತ್ತವೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಈಗಾಗಲೇ ತಿನ್ನುತ್ತಿದ್ದರೆ ನಿಮ್ಮ ನರರೋಗ ವೈದ್ಯರಿಗೆ ಮುಚ್ಚಿಡದೆ ಹೇಳಿ. ಅವರು ಬೈದರೂ ಪರವಾಗಿಲ್ಲ.